ಚಿಕ್ಕ ಸಂಪು ಎಲ್ಲಿ?

"ಹೋಯ್ತು! ಎಲ್ಲಾ ಹೋಯ್ತು!"

ಸೆಮೆಯಾನ್ ಬಂಡೆಯ ಮೇಲಿಂದ ಕೂಗಿದಳು. ಒಂದು ಕೈಯಲ್ಲಿ ಅಮ್ಮನ ಫೋನು, ಇನ್ನೊಂದು ಕೈ ಗಾಳಿಯಲ್ಲಿ. ಮನೆಯ ಹಿಂದಿನ ಆ ಬಂಡೆಯ ಮೇಲೆ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು. ಅದೂ ತುದಿಗಾಲಲ್ಲಿ ನಿಂತರೆ.

ಕೆಳಗೆ ನೆರಳಿನಲ್ಲಿ ಮಣಿ ಪೋಣಿಸುತ್ತಿದ್ದ ಅಜ್ಜಿ ತಲೆ ಎತ್ತಿದಳು. "ಏನೇ ಹೋಯ್ತು? ಹಾಗ್ಯಾಕೆ ಬೊಬ್ಬೆ ಹೊಡೀತೀಯ? ಮನೆಗೆ ಬೆಂಕಿ ಬಿತ್ತೇನೋ ಅಂದ್ಕೊಂಡೆ!"

"ಫೋಟೊ ಕೊಕೊ, ಫೋಟೊ! ನಮ್ಮ ಹಸುಗಳ ಫೋಟೊ ಎಲ್ಲಾ ಒಂದೇ ಸಲ ಅಪ್‌ಲೋಡ್ ಆಯ್ತು!"

ಆ ಊರಿನ ಮಕ್ಕಳೆಲ್ಲ ಅಜ್ಜಿಯನ್ನು ಕೊಕೊ ಎಂದೇ ಕರೆಯುತ್ತಿದ್ದರು.

ಶನಿವಾರ ದನದ ಡಾಕ್ಟರು ಬರುವವರಿದ್ದರು. ಹೊಳೆಯಾಚೆ ಕಾಲುಬಾಯಿ ಜ್ವರ ಬಂದಿತ್ತು. ಅಲ್ಲಿನ ದನಗಳು ಬಾಯಿ ತುಂಬಾ ಹುಣ್ಣಾಗಿ ಮೇವನ್ನೇ ಬಿಟ್ಟಿದ್ದವಂತೆ. ಈಚೆ ಬರುವ ಮೊದಲೇ ಎಲ್ಲ ಹಸುಗಳಿಗೂ ಸೂಜಿ ಹಾಕಿಸಬೇಕು. ಅದಕ್ಕೆ ಪ್ರತಿ ಹಸುವಿನ ಫೋಟೊ ಊರಿನ ವೆಬ್‌ಸೈಟಿನಲ್ಲಿ ಇರಬೇಕು. ಫೋಟೊ ಇರುವ ಹಸುವಿಗೆ ಮಾತ್ರ ಮದ್ದು ಬರುವುದು. ಇವತ್ತು ಸಂಜೆ ಐದು ಗಂಟೆಗೆ ಪಟ್ಟಿ ಮುಚ್ಚಿಬಿಡುತ್ತದೆ.

ಆ ವೆಬ್‌ಸೈಟು ಮಾಡಿದ್ದು ದೊಡ್ಡಪ್ಪನ ಮಗ ಸಿರೊಂಕ. ನೈರೋಬಿಯಲ್ಲಿ ಕಾಲೇಜು ಓದುತ್ತಿದ್ದ. ಮೊದಲು ಅದರಲ್ಲಿ ಫೋಟೊಗಳನ್ನು ಒಂದೊಂದಾಗಿಯೇ ಹಾಕಬೇಕಿತ್ತು. ಒತ್ತು, ಆರಿಸು, ಕಳಿಸು, ಕಾಯಿ. ಮತ್ತೆ ಒತ್ತು. ಮೂರನೆಯ ಹಸುವಿಗೇ ಎಲ್ಲರಿಗೂ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು. ಪಕ್ಕದ ಮನೆಯ ಮುದುಕರಂತೂ ಫೋನನ್ನು ಹಾಲಿನ ಸೋರೆಬುರುಡೆಯೊಳಗೆ ಹಾಕಿ ಮುಚ್ಚಳ ಮುಚ್ಚಿದ್ದರು.

ಅದಕ್ಕೇ ಸಿರೊಂಕ ಈ ವಾರ 'ಎಲ್ಲಾ ಒಟ್ಟಿಗೆ' ಅಂತ ಒಂದು ದೊಡ್ಡ ಬಟನ್ ಹಾಕಿದ್ದ. "ಇನ್ನು ಎಷ್ಟು ಸುಲಭ ಅಂದ್ರೆ, ಚಿಕ್ಕ ಮಗೂನೂ ಮಾಡಬಹುದು" ಎಂದಿದ್ದ. ಸೆಮೆಯಾನ್‌ಗೆ ಆ ಮಾತು ಮಾತ್ರ ಹಿಡಿಸಿರಲಿಲ್ಲ. ಅವಳಿಗೆ ಹತ್ತು ವರ್ಷ ಆಗಿತ್ತಲ್ಲ!

ಈಗ ಪರದೆಯ ತುಂಬಾ ಹಸಿರು ಗುರುತುಗಳು. ಮೇಲೆ 'ಮೂವತ್ತೆಂಟಕ್ಕೆ ಮೂವತ್ತೆಂಟು' ಎಂದು ಬರೆದಿತ್ತು. ಅದನ್ನು ಮಾತ್ರ ಅವಳು ಜೋರಾಗಿ ಓದಲಿಲ್ಲ. ಕೊಕೊ ಎದುರು ಹಸುಗಳ ಲೆಕ್ಕ ಹೇಳುವ ಹಾಗಿರಲಿಲ್ಲ. ನಿನ್ನೆ ಸಂಜೆ ಹಸುಗಳು ಬೇಲಿಯೊಳಗೆ ಬರುವಾಗ ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬೆರಳು ಮಡಿಸಿ ಮಡಿಸಿ, ಕದ್ದು ಎಣಿಸಿದ್ದಳು. ಮೂವತ್ತೆಂಟು. ಇವತ್ತು ಬೆಳಿಗ್ಗೆ ತೆಗೆದ ಫೋಟೊ ಕೂಡ ಮೂವತ್ತೆಂಟು.

"ಎಲ್ಲಿ, ತೋರಿಸು" ಎಂದಳು ಕೊಕೊ. ಮೊಣಕಾಲು ಹಿಡಿದುಕೊಂಡು, ಉಸ್ಸಪ್ಪಾ ಎನ್ನುತ್ತಾ, ಬಂಡೆ ಹತ್ತಿಯೇ ಬಂದಳು. ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ದೂರ ಹಿಡಿದಳು.

"ಹಸು ಎಲ್ಲಿವೆಯೇ? ಬರೀ ಇರುವೆ ಸಾಲು ಕಾಣ್ತಿದೆ."

"ಅದು ಫೋಟೊಗಳ ನಂಬರು ಕೊಕೊ. ಹಸುಗಳು ಒಳಗಿವೆ."

"ಯಾವುದರ ಒಳಗೆ?"

"ನಂಬರಿನ ಒಳಗೆ. ಒಂದೊಂದನ್ನೇ ಒತ್ತಿದ್ರೆ ಕಾಣುತ್ತೆ. ಆದ್ರೆ ನೋಡೋದೇನೂ ಬೇಡ, ಎಲ್ಲಾ ಹಸಿರು ಬಂದಿದೆ."

"ಹಸಿರು ಬಂದ್ರೆ ಬರಲಿ. ನಾನು ಅವರ ಮುಖ ನೋಡ್ಬೇಕು. ಒತ್ತು."

ಸೆಮೆಯಾನ್ ಮುಖ ಸಿಂಡರಿಸಿದಳು. ಗೆಳತಿಯರು ಆಗಲೇ ಆಟಕ್ಕೆ ಸೇರಿದ್ದರು, ಅವರ ಕೂಗು ಇಲ್ಲಿಯವರೆಗೂ ಕೇಳುತ್ತಿತ್ತು. ಆದರೂ ಒತ್ತಿದಳು.

"ಓ, ನೀನಾ!" ಎಂದಳು ಕೊಕೊ ಫೋಟೊಗೆ. "ಇವಳಮ್ಮ ನನ್ನ ಮಗನ ಮದುವೇಲಿ ಬಂದವಳು. ಒದೆಯೋದು ಅವಳಿಂದಲೇ ಕಲಿತಳು. ಹೂಂ, ಮುಂದೆ."

ಹೀಗೇ ನಡೆಯಿತು. ಒಬ್ಬಳು ಕಳ್ಳಿ, ಒಬ್ಬಳು ಸೋಮಾರಿ, ಒಬ್ಬಳಿಗೆ ಹಾಡು ಹೇಳದಿದ್ದರೆ ಹಾಲೇ ಇಳಿಯುವುದಿಲ್ಲ. ಕೊಕೊ ಪ್ರತಿಯೊಬ್ಬಳನ್ನೂ ಮಾತಾಡಿಸಿದಳು. ಸೆಮೆಯಾನ್‌ಳ ಬೆರಳು ನೋಯತೊಡಗಿತು.

"ನಿಲ್ಲು!" ಎಂದಳು ಕೊಕೊ. "ಇವಳನ್ನ ಆಗಲೇ ನೋಡಿದ್ನಲ್ಲ."

"ಇಲ್ಲ ಕೊಕೊ. ಆಗ ನೋಡಿದ್ದು ದೊಡ್ಡ ಸಂಪು. ಇದು ಚಿಕ್ಕ ಸಂಪು."

ಸಂಪು ಹೆಸರಿನ ಈ ಎರಡು ಹಸುಗಳು ಅಕ್ಕತಂಗಿಯರು. ಇಬ್ಬರದೂ ಕಂದು ಮೈ, ಮೈಮೇಲೆ ಒಂದೇ ಥರದ ಬಿಳಿ ಗೆರೆ.

"ಇದು ದೊಡ್ಡ ಸಂಪುವಿನ ಎಡಗಡೆ. ಆಗಿನದು ಬಲಗಡೆ. ಚಿಕ್ಕ ಸಂಪು ಎಲ್ಲಿ?"

"ಇದೇ ಕೊಕೊ!"

"ನಲವತ್ತು ವರ್ಷದಿಂದ ಹಾಲು ಕರೀತಿದೀನಿ. ನನಗೇ ಹೇಳ್ತೀಯಾ?"

"ಇಲ್ಲದೆ ಎಲ್ಲಿಗೆ ಹೋಗ್ತಾಳೆ? ಲೆಕ್ಕ ಸರಿಯಾಗಿದೆ! ಮೂವತ್ತೆಂಟು ಹಸು, ಮೂವತ್ತೆಂಟು..."

ಅಯ್ಯೋ! ಸೆಮೆಯಾನ್ ನಾಲಿಗೆ ಕಚ್ಚಿಕೊಂಡಳು.

ಕೊಕೊ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಬೇಲಿಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನಾವು ಮಸಾಯಿಗಳು ಹಸು ಎಣಿಸಲ್ಲ ಮಗಳೇ. ಎಣಿಸಿದ್ರೆ ದೃಷ್ಟಿ ಬೀಳುತ್ತೆ ಅಂತ ನಮ್ಮಮ್ಮ ಹೇಳ್ತಿದ್ಳು. ದೃಷ್ಟಿ ಬೀಳುತ್ತೋ ಬಿಡುತ್ತೋ, ನನಗೆ ಗೊತ್ತಿಲ್ಲ. ಮುಖ ನೋಡೋದು ಮರೆತುಹೋಗುತ್ತೆ, ಅದಂತೂ ನಿಜ."

ಸೆಮೆಯಾನ್‌ಗೆ ಬೆಳಗಿನದು ನೆನಪಾಯಿತು. ಹಸುಗಳು ಮೇಯಲು ಹೊರಡುವಾಗ ಧೂಳೋ ಧೂಳು. ದೊಡ್ಡ ಸಂಪು ಹೊರಗೆ ಹೋದಳು, ಕರು ಕೂಗಿತೆಂದು ತಿರುಗಿ ಬಂದಳು, ಮತ್ತೆ ಹೋದಳು. ಎರಡು ಸಲವೂ, ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ, ಇವಳು ಫೋಟೊ ತೆಗೆದಿದ್ದಳು. ಚಿಕ್ಕ ಸಂಪು ಧೂಳಿನಲ್ಲೇ ಹೊರಟುಹೋಗಿರಬೇಕು. ಆ ಧೂಳಿನಲ್ಲಿ ಇವಳಿಗೆ ಬೇಕಾಗಿದ್ದದ್ದು ಲೆಕ್ಕ ಒಂದೇ.

ಚಿಕ್ಕ ಸಂಪು ಇನ್ನೊಂದು ತಿಂಗಳಿಗೆ ಕರು ಹಾಕುವವಳು. ಸೂಜಿ ಹಾಕದೆ ಅವಳಿಗೊಬ್ಬಳಿಗೇ ಜ್ವರ ಬಂದರೆ? ಸೆಮೆಯಾನ್‌ಳ ಕಣ್ಣು ತುಂಬಿ ಬಂತು.

"ಗಂಟೆ ಎಷ್ಟು?" ಕೊಕೊ ಕೇಳಿದಳು.

"ನಾಲ್ಕೂ ಹತ್ತು. ಮಂದೆ ಎಲ್ಲಿದೆಯೋ ಏನೋ ಕೊಕೊ! ಗುಡ್ಡದಾಚೆ ಹೋಗಿದ್ರೆ ಏನ್ ಮಾಡೋದು?"

"ಮಂದೆ ಎಲ್ಲಾದ್ರೂ ಇರಲಿ. ಬಸುರಿ ಆದಾಗಿಂದ ಅವಳಿಗೆ ದಾಹ ಜಾಸ್ತಿ. ಈ ಹೊತ್ತಿಗೆ ನಿಮ್ಮ ಸ್ಕೂಲಿನ ಟ್ಯಾಂಕ್ ಹತ್ರ ಬಂದು, ಸೋರೋ ನಲ್ಲಿ ಕೆಳಗೆ ಬಾಯಿ ಇಟ್ಕೊಂಡು ನಿಂತಿರ್ತಾಳೆ. ಓಡು! ನನ್ನ ಮೊಣಕಾಲಿಗೆ ಕಾಯ್ಬೇಡ."

ಸೆಮೆಯಾನ್ ಬಿದ್ದಂಬೀಳ ಓಡಿದಳು. ಚಪ್ಪಲಿ ಒಂದು ಕಡೆ ಹಾರಿತು, ಎತ್ತಿಕೊಳ್ಳಲಿಲ್ಲ.

ಟ್ಯಾಂಕಿನ ಹತ್ತಿರ, ಸೋರುವ ನಲ್ಲಿಯ ಕೆಳಗೆ, ಚಿಕ್ಕ ಸಂಪು ನಿಂತಿದ್ದಳು.

ಸೆಮೆಯಾನ್ ಏದುಸಿರು ಬಿಡುತ್ತಾ ಫೋನು ಎತ್ತಿದಳು. ಮೊದಲ ಫೋಟೊ ಮಸುಕಾಯಿತು. ಫೋನು ಇಳಿಸಿ, ಉಸಿರು ಸರಿಹೋಗುವವರೆಗೆ ಸುಮ್ಮನೆ ಹಸುವನ್ನು ನೋಡುತ್ತಾ ನಿಂತಳು. ಎಡಗೊಂಬು ತುಸು ಒಳಕ್ಕೆ ಬಾಗಿತ್ತು. ಮೂಗಿನ ಮೇಲೆ ಒಂದು ಸಣ್ಣ ಬಿಳಿ ಮಚ್ಚೆ. ಹತ್ತಿರ ಹೋದರೆ ದೊಡ್ಡ ಸಂಪು ತಲೆ ಎತ್ತುತ್ತಾಳೆ. ಇವಳೋ ತಲೆ ತಗ್ಗಿಸಿ, ಕೆರೆದುಕೊಡು ಎಂದು ಹಣೆ ಮುಂದೆ ಮಾಡಿದಳು. ದಿನವೂ ನೋಡುವ ಹಸು. ಇದನ್ನೆಲ್ಲ ಇಷ್ಟು ದಿನ ಹೇಗೆ ನೋಡಲಿಲ್ಲ?

ಹಣೆ ಕೆರೆದುಕೊಟ್ಟು, ಆಮೇಲೆ ಫೋಟೊ ತೆಗೆದಳು.

ಬಂಡೆಗೆ ಮರಳಿದಾಗ ಐದಕ್ಕೆ ಹತ್ತು ನಿಮಿಷ. ಹಳೆಯದನ್ನು ಅಳಿಸಿ ಹೊಸದನ್ನು ಕಳಿಸಿದಳು. ಒಂದು ಚಕ್ರ ಸುತ್ತುತ್ತಲೇ ಇತ್ತು. ಅಜ್ಜಿ ಮೊಮ್ಮಗಳು ಇಬ್ಬರೂ ಪರದೆಯ ಮೇಲೆ ಬಗ್ಗಿ ನಿಂತರು. ಕೊನೆಗೆ ಹಸಿರು ಬಂತು. ಸೆಮೆಯಾನ್ ಅದನ್ನು ಒತ್ತಿ ತೆರೆದಳು. ಮೂಗಿನ ಮೇಲಿನ ಬಿಳಿ ಮಚ್ಚೆ ಕಂಡ ಮೇಲೆಯೇ ಅವಳಿಗೆ ಸಮಾಧಾನವಾಯಿತು.

"ಈಗ ಸಿರೊಂಕನಿಗೆ ಫೋನು ಹಚ್ಚು" ಎಂದಳು ಕೊಕೊ.

ಹಚ್ಚಿಕೊಟ್ಟಳು. ಕೊಕೊ ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡ, ನೈರೋಬಿಗೆ ಹಾಗೇ ಕೇಳಿಸುತ್ತದೆ.

"ಏನಪ್ಪಾ ಬುದ್ಧಿವಂತ! ಎಲ್ಲರನ್ನೂ ಒಟ್ಟಿಗೆ ಕಳಿಸೋ ಬಟನ್ ಮಾಡಿದೀಯಂತೆ. ಒಳ್ಳೇದು, ನನ್ನ ಆಶೀರ್ವಾದ. ಆದ್ರೆ ಹೋದವರ ಮುಖ ಎಲ್ಲೋ? ಬರೀ ನಂಬರು!"

"ಕೊಕೊ, ಚಿತ್ರ ಎಲ್ಲಾ ಹಾಕಿದ್ರೆ ಪೇಜು ನಿಧಾನ ಆಗುತ್ತೆ" ಸಿರೊಂಕ ನಗುತ್ತಾ ಹೇಳಿದ.

"ಆಗ್ಲಿ ಬಿಡು. ತಪ್ಪಿಸ್ಕೊಂಡ ಹಸು ಹುಡುಕೋದು ಅದಕ್ಕಿಂತ ನಿಧಾನ."

ಆ ಕಡೆ ನಗು ನಿಂತಿತು. "ಯಾವ ಹಸು ತಪ್ಪಿಸ್ಕೊಳ್ತು?"

ಸೆಮೆಯಾನ್ ಫೋನು ತೆಗೆದುಕೊಂಡಳು. ತಪ್ಪು ತನ್ನದೆಂದು ಹೇಳಲು ನಾಚಿಕೆಯಾಯಿತು. ಆದರೂ ಒಂದೂ ಬಿಡದೆ ಹೇಳಿದಳು. ಕೊನೆಗೆ, "ಸಣ್ಣ ಸಣ್ಣ ಚಿತ್ರ ಹಾಕಣ್ಣ. ಅಕ್ಕಪಕ್ಕ ಹಾಕು. ಕೊಕೊ ಓದಲ್ಲ, ಆದ್ರೆ ನೋಡ್ತಾಳೆ" ಎಂದಳು.

"ನಾನು ಇದನ್ನ ಕಾಲೇಜಿನ ಹುಡುಗರಿಗೆ ತೋರಿಸಿದ್ದೆ. ಕೊಕೊಗೆ ತೋರಿಸ್ಬೇಕಿತ್ತು" ಎಂದ ಸಿರೊಂಕ. ಮರುದಿನ ಸಂಜೆಯೊಳಗೆ ನಂಬರುಗಳ ಜಾಗದಲ್ಲಿ ಮುಖಗಳು ಬಂದವು.

ಶನಿವಾರ ಡಾಕ್ಟರು ಬಂದರು. ಫೋನಿನಲ್ಲಿ ಚಿತ್ರ ನೋಡುವುದು, ಹಸು ನೋಡುವುದು, ಸೂಜಿ ಹಾಕಿ ಕಿವಿಗೆ ನಂಬರಿನ ಓಲೆ ಸಿಕ್ಕಿಸುವುದು. ಕೆಲಸ ಸಾಗುತ್ತಿತ್ತು. ಒಂದು ಚಿತ್ರ ಬಂದಾಗ ಅವರು ನಿಲ್ಲಿಸಿದರು.

"ಏನಮ್ಮಾ ಇದು, ಒಂದೇ ಹಸು ಎರಡು ಸಲ ಹಾಕಿದೀರಲ್ಲ? ಒಂದನ್ನ ತೆಗೆದುಬಿಡ್ತೀನಿ." ಅವರ ಬೆರಳು ಚಿಕ್ಕ ಸಂಪುವಿನ ಚಿತ್ರದ ಮೇಲೆ ಹೋಯಿತು.

ಸೆಮೆಯಾನ್ ಕೊಕೊ ಕಡೆ ನೋಡಿದಳು. ಕೊಕೊ ಆಕಾಶದಲ್ಲಿ ಏನೋ ಕಂಡವಳ ಹಾಗೆ ಆ ಕಡೆ ನೋಡುತ್ತಾ ನಿಂತಿದ್ದಳು.

"ಡಾಕ್ಟ್ರೇ, ತೆಗೀಬೇಡಿ! ಅವರು ಇಬ್ಬರು" ಎಂದಳು ಸೆಮೆಯಾನ್.

"ಇಬ್ಬರಾ? ನನಗೆ ಒಂದೇ ಥರ ಕಾಣ್ತಿದೆಯಲ್ಲ ಪುಟ್ಟಿ. ಗೆರೆನೂ ಅದೇ, ಬಣ್ಣನೂ ಅದೇ."

"ನನಗೂ ಹಾಗೇ ಕಂಡಿತ್ತು." ಅವಳು ಡಾಕ್ಟರ ಕೋಟಿನ ತೋಳು ಹಿಡಿದು, ಧೂಳಿನಲ್ಲಿ ನಿಂತಿದ್ದ ಅಕ್ಕತಂಗಿಯರ ಎದುರಿಗೆ ಕರೆದುಕೊಂಡು ಹೋದಳು. "ಅವಸರ ಮಾಡ್ಬೇಡಿ. ಇಲ್ಲಿ ನನ್ನ ಪಕ್ಕ ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ಅವರೇ ಹೇಳ್ತಾರೆ."