ಗುರವ್ವನ ಸೂಜಿ

"ಬಿಡ್ರಿ! ಕೂಸಿನ್ನ ಬಿಡ್ರಿ!"

ಚೀರುತ್ತ ಒಳಗೆ ನುಗ್ಗಿದ ಸಿದ್ದಲಿಂಗವ್ವ ಬಸಂತರಾಯನ ಕೈ ಹಿಡಿದೆಳೆದಳು. ಎಂಟು ವರ್ಷದ ಗುರವ್ವನ ತೊಡೆಯಿಂದ ರಕ್ತ ಹರಿಯುತ್ತಿತ್ತು. ಗಾಜಿನ ಸಿರಿಂಜಿನ ತುದಿಯಲ್ಲಿ ಸೂಜಿ ಡೊಂಕಾಗಿತ್ತು!

1974ರ ಬೇಸಿಗೆ. ಬಸಂತರಾಯ ಮುದ್ದೇಬಿಹಾಳದ ದವಾಖಾನೆಯೊಂದಕ್ಕೆ ಹೊಸದಾಗಿ ಬಂದ ಕಾಂಪೌಂಡರ್. ಗುರವ್ವ, ಸಿದ್ದಲಿಂಗವ್ವನ ಸತ್ತ ಅಕ್ಕನ ಮಗಳು; ಮದುವೆಯಾಗದ ಚಿಕ್ಕಮ್ಮನೇ ಅವಳನ್ನು ಸಾಕುತ್ತಿದ್ದಳು. ಕೂಸಿಗೆ ಸಕ್ಕರೆ ರೋಗ. ದೇಹ ತಾನೇ ತಯಾರಿಸಬೇಕಾದ ಇನ್ಸುಲಿನ್ ಎಂಬ ಹಾರ್ಮೋನನ್ನು ದಿನಾ ಚುಚ್ಚಿಯೇ ಕೊಡಬೇಕು; ಅದಕ್ಕೆಂದೇ ಅವನು ಮನೆಗೆ ಬರುತ್ತಿದ್ದ. ಆ ಸೂಜಿಯೋ ದೊಡ್ಡವರ ಮೈಗೆಂದು ಮಾಡಿದ್ದು. ಕುದಿಸಿ ಕುದಿಸಿ ಬಳಸಿ ಮೊಂಡಾಗಿತ್ತು. ಕೂಸಿನ ಒಣಕಲು ತೊಡೆಗೆ ಅದು ದಬ್ಬಣ!

"ನಿಮಗ ಕರುಳು ಐತೇನ್ರಿ?"

"ಐತ್ರಿ. ಆದ್ರ ಚುಚ್ಚಲಿಲ್ಲಂದ್ರ ಕೂಸು ಉಳಿಯಂಗಿಲ್ಲ..."

"ಇನ್ನ ನಮ್ಮನಿ ಹೊಸ್ತಿಲಾ ತುಳಿಬ್ಯಾಡ್ರಿ!"

ಮರುದಿನ ಅವನು ಬರಲಿಲ್ಲ. ನರ್ಸ್ ಅಬಿದಾ ಬಂದಳು, ಕೈಯಲ್ಲಿ ಅದೇ ಬಗೆಯ ಸೂಜಿ.

"ಚಿಗವ್ವಾ, ಇವತ್ತೊಂದಿನ ಬ್ಯಾಡವ್ವಾ..." ಗುರವ್ವ ಚಿಕ್ಕಮ್ಮನ ಸೆರಗಿನೊಳಗೆ ಮುಖ ಹುದುಗಿಸಿ ನಡುಗಿದಳು.

ಸಿದ್ದಲಿಂಗವ್ವ ಕರಗಿದಳು. ಅಬಿದಾಳನ್ನು ಹಿಂದಕ್ಕೆ ಕಳಿಸಿದಳು. ಮಾರನೆಯ ದಿನವೂ ಅಷ್ಟೇ. 'ಒಂದು ಮಾತಿಗೇ ಕೂಸಿನ ಕೈಬಿಟ್ಟನಲ್ಲ... ಎಂಥ ಕಲ್ಲು ಮನುಷ್ಯ!' ಎಂದು ಬಸಂತರಾಯನನ್ನೇ ಶಪಿಸಿದಳು.

ಆಮೇಲೆ ಗುರವ್ವನಿಗೆ ವಾಂತಿ ಹತ್ತಿತು. ಉಸಿರು ಏದುಸಿರಾಯಿತು. ಕರೆದರೆ ಕಣ್ಣು ತೆರೆಯಲಿಲ್ಲ.

ಬಿಜಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಭರವಸೆಯ ಮಾತನ್ನೇ ಆಡಲಿಲ್ಲ. ಬಾಗಿಲ ಹೊರಗೆ ಕುಸಿದು ಕೂತಿದ್ದ ಸಿದ್ದಲಿಂಗವ್ವನ ಮುಂದೆ, ಸುದ್ದಿ ತಿಳಿದ ಬಸಂತರಾಯ ಬಂದು ನಿಂತ. ಧೂಳು ಮೆತ್ತಿದ ಅಂಗಿ, ನಿದ್ದೆಗೆಟ್ಟ ಕಣ್ಣು.

"ಮಿರಜದ ದೊಡ್ಡ ದವಾಖಾನಿಗೆ ಹೋಗಿದ್ದೆನ್ರಿ. ಸಣ್ಣ ಸೂಜಿ ಹುಡುಕ್ಕೋಂತ."

ಅವನ ಮುಂಗೈ ತುಂಬ ಚುಚ್ಚಿದ ಗುರುತು!

"ಇದೇನ್ರಿ ಇದು?"

"ಯಾವ ಸೂಜಿ ಕಡಿಮಿ ನೋಯ್ತೈತಿ ಅಂತ ನನಗ ಚುಚ್ಚಿಕೊಂಡು ನೋಡಿದೆ."

ಅವಳ ಎದೆ ಒಡೆಯಿತು. "ನಾನ... ನಾನ ಆಕಿನ್ನ ಈ ಗತಿಗೆ ತಂದೆನ್ರಿ!"

"ನೀವಲ್ರಿ, ಕೂಸಿನ ಮ್ಯಾಲಿನ ನಿಮ್ಮ ಮಾಯಾ, ಪ್ರೀತಿ ಹಂಗ ಮಾಡಿಸ್ತು. ಅಳಬ್ಯಾಡ್ರಿ."

ಗುರವ್ವ ಬದುಕಿದಳು. ಆದರೆ ಮಿದುಳಿಗೆ ಬಾವು ಬಂದಿದ್ದರಿಂದ ಎಡಗಾಲು ಎಳೆಯುತ್ತಿತ್ತು. ಅದು ಸರಿಹೋಗಲೇ ಇಲ್ಲ.

ಮನೆಗೆ ಮರಳಿದ ಮೇಲೆ ಬಸಂತರಾಯ ಸಿದ್ದಲಿಂಗವ್ವನಿಗೇ ಚುಚ್ಚುವುದನ್ನು ಕಲಿಸಿದ. ಒಂದು ಬೆಳಿಗ್ಗೆ ಅವಳು ಉಸಿರು ಬಿಗಿಹಿಡಿದು ಕೂಸಿನ ತೊಡೆಗೆ ಸಣ್ಣ ಸೂಜಿ ಇಳಿಸಿದಳು.

"ಆತೇನ ಚಿಗವ್ವಾ?"

ಗುರವ್ವ ಚೀರಲಿಲ್ಲ! ಅಷ್ಟರಲ್ಲಿ ಬಾಗಿಲಲ್ಲಿ ಬಸಂತರಾಯನ ನೆರಳು ಕಂಡದ್ದೇ, ಕಾಲೆಳೆಯುತ್ತ ಹೋಗಿ ಮೂಲೆ ಸೇರಿ ಗಡಗಡ ನಡುಗಿದಳು. ಅವನು ಸದ್ದಿಲ್ಲದೆ ಕಟ್ಟೆಗೆ ಸರಿದ.

ಸಿದ್ದಲಿಂಗವ್ವ ಹೊರಗೆ ಬಂದಳು. "ಆಕಿ ಮನಸಿನ್ಯಾಗಿನ ಅಂಜಿಕಿ ಹೋಗೂದಿಲ್ಲೇನ್ರಿ?"

"ಗೊತ್ತಿಲ್ರಿ. ನೋವು ಕೊಟ್ಟ ಕೈ ನಂದು." ಅವನು ತಲೆ ತಗ್ಗಿಸಿದ. "ಆದ್ರ ನಿಮ್ಮಿಬ್ಬರ್ನ ಬಿಟ್ಟಿರಾಕ ನನಗಾಗಂಗಿಲ್ಲ. ಹೊರಗ ಇರ್ತೇನಿ."

"ಎಷ್ಟ ದಿನಾ?"

"ಆಕಿ ಒಳಗ ಕರಿಯೂತನಕಾ."

"ಆಕಿ ಕರೀಲಿಕ್ಕಿಲ್ಲ..." ಅವಳು ಬಾಗಿಲತ್ತ ತಿರುಗಿ ನೋಡಿದಳು. "ನಾ ಕರದ್ರ ಬರಂಗಿಲ್ಲೇನು?"

ಅವನು ಮುಖವೆತ್ತಿದ. ಕಣ್ಣು ತುಂಬಿದ್ದವು.

"ಕರದು ನೋಡ್ರಿ."

"ಬರ್ರಿ," ಎಂದಳು. "ಸಾವಕಾಶ ಬರ್ರಿ. ಕೂಸು ಅಂಜತೈತಿ."