ಖಾತೆ ಬೇಡ ಅಂದವಳು

ದಡ್ ಎಂದು ಲ್ಯಾಪ್‌ಟಾಪ್ ಬಂದು ಕೌಂಟರಿನ ಮೇಲೆ ಬಿತ್ತು.

"ಯೇ ಮೇರಾ ಹೈ. ಮೈನೇ ಖರೀದಾ ಹೈ. ಫಿರ್ ಭೀ ಅಂದರ್ ಜಾನೇ ನಹೀ ದೇತಾ," ಎಂದಳು ಅವಳು ಒಂದೇ ಉಸಿರಿಗೆ. ತಾನೇ ದುಡ್ಡು ಕೊಟ್ಟು ಕೊಂಡದ್ದು, ಆದರೂ ಒಳಗೆ ಬಿಡುವುದಿಲ್ಲವಂತೆ.

ಡೊಂಬಿವಲಿ ಸ್ಟೇಷನ್ನಿನ ಪೂರ್ವದ ಕಡೆ, ವಡಾಪಾವಿನ ಗಾಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡ 'ದಯಾನಂದ ಕಂಪ್ಯೂಟರ್ಸ್'. ಒಳಗೆ ಯಾವುದೋ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದ ಹುಲಗಪ್ಪ ತಲೆಯೆತ್ತಿ ನೋಡಿದ.

"ಏನ್ ಕಣ್ಣಪಾ ಇವು... ಬೆಸುಗಿ ಹಾಕಾಕ ಕರೆಂಟೇ ಬ್ಯಾಡ," ಎಂದು ತನ್ನಷ್ಟಕ್ಕೆ ಗೊಣಗಿದ.

"ಕನ್ನಡ ಬರ್ತದೆ ನನಗೆ," ಎಂದಳು ಅವಳು ತಣ್ಣಗೆ.

ಹುಲಗಪ್ಪನ ಕೈಯಲ್ಲಿದ್ದ ಬೆಸುಗೆಯ ಕಡ್ಡಿ ಜಾರಿತು. ಬೆರಳು ಚುರ್ ಎಂದಿತು. ಅವಳು ನಗಲಿಲ್ಲ. ಅವನೂ ಬೆರಳಿಗೆ ಉಫ್ ಎಂದು ಊದಿಕೊಳ್ಳಲಿಲ್ಲ. ಇಬ್ಬರೂ ಸೊಕ್ಕಿನವರೇ.

ಅವಳು ಪ್ರೇಕ್ಷಾ. ಥಾಣೆಯ ವರ್ತಕ ನಗರದಲ್ಲಿ ಅಣ್ಣ ಶೈಲೇಶನ ಹೋಟೆಲಿದೆ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಅಲ್ಲಿನ ಗಲ್ಲೆಯಲ್ಲಿ ಕೂತು ಬಿಲ್ಲು ಹರಿಯುವುದು ಅವಳ ಕೆಲಸ. ಬಿಲ್ಲಿನ ಹಿಂಬದಿಯಲ್ಲಿ ಅಕ್ಷರ ಬರೆಯುವುದು ಅವಳ ಹುಚ್ಚು. ಹೋಟೆಲಿನ ಬೋರ್ಡು, ಮೆನು ಕಾರ್ಡು ಹೇಗಿರಬೇಕೆಂದು ತಾನಾಗಿಯೇ ಕಲಿತವಳು. ಆ ಕೆಲಸಕ್ಕೆಂದೇ ಈ ಲ್ಯಾಪ್‌ಟಾಪ್ ತಂದಿದ್ದಳು. ಅಣ್ಣನಿಗೆ ಹೇಳಿರಲಿಲ್ಲ, ಅದಕ್ಕೇ ದೂರದ ಡೊಂಬಿವಲಿಯವರೆಗೆ ಬಂದಿದ್ದಳು.

ಪೆಟ್ಟಿಗೆ ಬಿಚ್ಚಿ ಗುಂಡಿ ಒತ್ತಿದರೆ ಪರದೆ ಕೇಳಿದ್ದೇನು? ಇಂಟರ್‌ನೆಟ್ ಕೊಡು. ಖಾತೆ ತೆರೆ. ಇಮೇಲ್ ಹೇಳು. ಹುಟ್ಟಿದ ತಾರೀಖು ಹೇಳು. ಫೋನಿಗೆ ಬಂದ ಕೋಡ್ ಹೇಳು. 'ಬೇಡ' ಅನ್ನುವ ಗುಂಡಿ ಎಲ್ಲೂ ಇರಲಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದೇ. ಇಲ್ಲಿ ಅಂಗಡಿಯವನು ಕೊಟ್ಟಾಗಿದೆ, ದೂರದೇಶದ ಕಂಪನಿ ಬಾಗಿಲಿಗೆ ಅಡ್ಡ ನಿಂತಿದೆ.

"ಇಮೇಲ್ ಇಲ್ಲೇನ್ರಿ?" ಎಂದು ಕೇಳಿದ ಹುಲಗಪ್ಪ.

"ಉಂಟು. ಅಣ್ಣ ಮಾಡಿಕೊಟ್ಟದ್ದು. ಎಲ್ಲಿ ಲಾಗಿನ್ ಆದ್ರೂ ಕೋಡ್ ಅವನ ಫೋನಿಗೆ ಹೋಗ್ತದೆ. ಮನೆಯ ನಾಲ್ಕೂ ಸಿಮ್ಮು ಅವನ ಹೆಸರಲ್ಲಿ."

"ಹಂಗಾರ ಹೊಸಾದು ಮಾಡ್ರಿ. ಐದು ನಿಮಿಷದ ಕೆಲಸ."

"ಮಾಡಬಹುದು. ಆದ್ರೆ ಯಾಕೆ ಮಾಡ್ಬೇಕು? ಮಿಕ್ಸರ್ ತಂದ್ರೆ ಅದು ಚಟ್ನಿ ಅರೆಯುವ ಮೊದ್ಲು ನನ್ನ ಹುಟ್ಟಿದ ತಾರೀಖು ಕೇಳ್ತದಾ?"

ಹುಲಗಪ್ಪ ಅವಳನ್ನೇ ದಿಟ್ಟಿಸಿದ. ಮೂರು ವರ್ಷದಿಂದ ಇದೇ ಮಾತನ್ನು ಅವನು ಗಿರಾಕಿಗಳಿಗೆ ಹೇಳುತ್ತ ಬಂದಿದ್ದ. ಎಲ್ಲರೂ 'ಹೋಗ್ಲಿ ಬಿಡಿ, ಕೇಳಿದ್ದು ಕೊಟ್ಬಿಡಿ' ಅನ್ನುತ್ತಿದ್ದರು. ತನ್ನ ಸಿಟ್ಟು ಇನ್ನೊಬ್ಬರ ಬಾಯಿಂದ ಬಂದದ್ದು ಇದೇ ಮೊದಲು...

"ಕುಂದರ್ರಿ," ಎಂದ, ಸ್ಟೂಲು ಒರೆಸುತ್ತ. "ಖಾತೆ ಇಲ್ದನ ಚಾಲೂ ಮಾಡಿ ಕೊಡ್ತೀನಿ."

ಎರಡು ಕೀಲಿ ಒತ್ತಿದ. ಕಪ್ಪು ಕಿಟಕಿ ತೆರೆಯಿತು. ಒಂದು ಸಾಲು ಬರೆದ. ಯಂತ್ರ ಮಲಗಿ ಎದ್ದು ಮತ್ತೆ ಅದೇ ಪ್ರಶ್ನೆ ಕೇಳಿತು.

"ನೋಡ್ರಿ, ಹ್ವಾದ ವರ್ಷ ಈ ದಾರಿ ಇತ್ತು. ಅದನ್ನೂ ಮುಚ್ಯಾರ. ನಾವು ಒಂದು ಸಂದಿ ಹುಡುಕಿದ್ರ ಅವರು ಒಂದು ಗ್ವಾಡಿ ಕಟ್ತಾರ."

"ಈಗ?"

"ಗ್ವಾಡಿ ಒಡಿಯೋದು."

ಪೆನ್‌ಡ್ರೈವ್ ತೆಗೆದು, ಆ ಪ್ರಶ್ನೆಯನ್ನೇ ಕಿತ್ತುಹಾಕಿದ ಸೆಟಪ್ ತಯಾರು ಮಾಡಿದ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಎರಡು ಕಟಿಂಗ್ ಚಹಾ ಆಯಿತು. ಅವನ ಕತೆಯೂ ಹೊರಬಂತು. ಊರು ಕೊಪ್ಪಳದ ಕಡೆ. ಅಪ್ಪ ಅವ್ವ ನವಿ ಮುಂಬೈಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು, ಈಗ ತುರ್ಭೆಯಲ್ಲಿ ಮನೆ. ಒಂಬತ್ತನೆಯ ತರಗತಿಯಲ್ಲಿ ಮಾಸ್ತರರು 'ನಿನ್ನಿಂದ ಆಗದು' ಅಂದರಂತೆ. ಇವನು 'ಹಾಗಾದರೆ ನೀವೇ ಓದಿಕೊಳ್ಳಿ' ಎಂದು ಪುಸ್ತಕ ಅಲ್ಲೇ ಬಿಟ್ಟು ಬಂದನಂತೆ.

ಪ್ರೇಕ್ಷಾಳಿಗೆ ನಗು ತಡೆಯಲಾಗಲಿಲ್ಲ.

ಯಂತ್ರ ತೆರೆಯಿತು. ಖಾತೆ ಇಲ್ಲ, ಕೋಡ್ ಇಲ್ಲ. ಬರೀ ಅವಳ ಹೆಸರು.

'ಇದರೊಳಗೆ ಅಣ್ಣ ಇಲ್ಲ,' ಎಂದುಕೊಂಡಳು.

*

ಆಮೇಲೆ ನೆಪಗಳು ಹುಟ್ಟಿಕೊಂಡವು. ಒಂದು ವಾರ ಮೌಸು ಕೆಟ್ಟಿತು. ಮರುವಾರ ಮೌಸು ಸರಿಯಿತ್ತು, ಆದರೂ ಅವಳು ಬಂದಳು. ಹುಲಗಪ್ಪ ಕೇಳಲಿಲ್ಲ, ಚಹಾ ತರಿಸಿದ.

ಅವಳು ತೋರಿಸಿದ ಅಕ್ಷರಗಳನ್ನು ಅವನು ತುಂಬ ಹೊತ್ತು ನೋಡುತ್ತಿದ್ದ. "ಈ 'ದೋಸೆ'ಯೊಳಗಿನ 'ದೋ'ದ ಹೊಟ್ಟಿ ನೋಡಿದ್ರನ ಹಸಿವಾಗತೈತಿ," ಅನ್ನುತ್ತಿದ್ದ. ಇಷ್ಟು ದಿನ ಇಂಥ ಮಾತು ಯಾರೂ ಆಡಿರಲಿಲ್ಲ ಅವಳಿಗೆ. 'ಬಿಲ್ಲಿನ ಪುಸ್ತಕ ಹಾಳು ಮಾಡ್ಬೇಡ' ಎಂಬುದೊಂದೇ ಅವಳು ಕೇಳಿದ್ದ ವಿಮರ್ಶೆ.

ಅದೇ ಹೊತ್ತಿಗೆ ಒಂದು ಬಾಗಿಲು ತೆರೆಯಿತು. ಉಡುಪಿ ಕಡೆಯ ಪುಂಡರೀಕಾಕ್ಷ ರಾಯರು ಖಾರ್ಘರ್‌ನಲ್ಲಿ ಹೊಸ ಹೋಟೆಲ್ ಹಾಕುತ್ತಿದ್ದರು. "ಗುರುವಾರ ಹನ್ನೊಂದಕ್ಕೆ ಬಾ. ಬೋರ್ಡು, ಮೆನು ಎರಡೂ ತೋರಿಸು. ಮೆಚ್ಚಿದರೆ ಕೆಲಸ ನಿನಗೆ," ಅಂದಿದ್ದರು.

ಅಣ್ಣ ಬೇರೆಯದೇ ಲೆಕ್ಕ ಹಾಕಿದ್ದ. ತಿಂಗಳ ಕೊನೆಗೆ ಒಂದು ಸಂಬಂಧದವರು ನೋಡಲು ಬರುವವರಿದ್ದರು. 'ಅಲ್ಲಿಯವರೆಗೆ ಗಲ್ಲೆ ಬಿಟ್ಟು ಎಲ್ಲೂ ಹೋಗ್ಬೇಡ' ಎಂದಿದ್ದ. ಗುರುವಾರ ಗೆದ್ದರೆ ಅವಳಿಗೆ 'ಇಲ್ಲ' ಅನ್ನಲು ಕಾಲೂರಿದ ನೆಲ ಇರುತ್ತದೆ. ಸೋತರೆ ಸೀರೆ ಉಟ್ಟು ಚಹಾದ ತಟ್ಟೆ ಹಿಡಿಯಬೇಕು.

ಆ ಗುರುವಾರದ ಹಿಂದಿನ ವಾರ ಲ್ಯಾಪ್‌ಟಾಪಿನ ಎರಡು ಕೀಲಿ ಕೈಕೊಟ್ಟವು. ಅಂಗಡಿಗೆ ಹೋದಾಗ ಹುಲಗಪ್ಪ ಇರಲಿಲ್ಲ. ಅವ್ವನಿಗೆ ಜ್ವರವೆಂದು ತುರ್ಭೆಗೆ ಹೋಗಿದ್ದ. ಮಾಲೀಕ ದಯಾನಂದ ತಗೊಂಡ. ದಯಾನಂದನ ಬಳಿ ಎಲ್ಲ ರೋಗಕ್ಕೂ ಒಂದೇ ಮದ್ದು, ಫಾರ್ಮ್ಯಾಟ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಶನಿವಾರ ಲ್ಯಾಪ್‌ಟಾಪ್ ಸಿಕ್ಕಿತು. ಅವಳ ಕಡತಗಳನ್ನೆಲ್ಲ ದಯಾನಂದ ಮೊದಲೇ ತೆಗೆದಿಟ್ಟು ಮತ್ತೆ ಹಾಕಿದ್ದ. ನಿರಾಳವಾದಳು.

ಸೋಮವಾರ ಸಂಜೆ ಅಂಗಡಿಗೆ ಹೋದಳು. ಹುಲಗಪ್ಪ ಆಗಷ್ಟೇ ತುರ್ಭೆಯಿಂದ ಬಂದು ಬ್ಯಾಗು ಇಳಿಸುತ್ತಿದ್ದ. ಅವಳನ್ನು ನೋಡಿ ಅವನ ಮುಖ ಅರಳಿತು.

ಅವಳ ಕಣ್ಣು ಮಾತ್ರ ಕೌಂಟರಿನ ಕಂಪ್ಯೂಟರಿನ ಮೇಲೆ ನಿಂತುಬಿಟ್ಟಿತ್ತು.

ಪರದೆಯ ತುಂಬ ಅವಳ ಮೆನು ಕಾರ್ಡು. ಯಾರಿಗೂ ತೋರಿಸದ, ಅವನಿಗೂ ತೋರಿಸದ ಖಾರ್ಘರ್‌ನ ಮೆನು. ಅದರ ಪಕ್ಕ ಅವಳ ಬೋರ್ಡು. ಮೇಲೆ ಮೂಲೆಯಲ್ಲಿ ಖಾತೆಯ ಹೆಸರು, 'ಹುಲಗಪ್ಪ'.

"ಇದೆಂತ?" ಎಂದಳು.

ಹುಲಗಪ್ಪ ತಿರುಗಿ ನೋಡಿದ. "ನನಗ ಗೊತ್ತಿಲ್ರಿ... ಇದು ಹೆಂಗ ಇಲ್ಲಿ ಬಂತು?"

"ನಿಮ್ಮ ಹೆಸರು ಉಂಟು. ನಿಮಗೆ ಗೊತ್ತಿಲ್ಲ?"

"ಖರೇನ ಗೊತ್ತಿಲ್ರಿ. ಒಂದು ನಿಮಿಷ ತಡೀರಿ, ನೋಡ್ತೀನಿ..."

"ನನ್ನ ಅಣ್ಣ ಎದುರಿಗೆ ನಿಂತು ನೋಡ್ತಾನೆ, ಮಾರಾಯ್ರೇ. ನೀವು ಕದ್ದು ನೋಡಿದ್ರಿ. ಗೋಡೆ ಒಡೀತೇನೆ ಅಂದವರು ಕಿಟಕಿ ಇಟ್ಕೊಂಡ್ರಿ."

ಹೊರಟುಹೋದಳು. ಸ್ಟೇಷನ್ ಸೇತುವೆಯ ಮೇಲೆ ನಿಂತು ಅವನ ನಂಬರ್ ಬ್ಲಾಕ್ ಮಾಡಿದಳು.

*

ಗುರುವಾರ ಬೆಳಿಗ್ಗೆ ಒಂಬತ್ತು. ಹೋಟೆಲಿನಲ್ಲಿ ಇಡ್ಲಿಯ ರಶ್ಶು. ಒಮ್ಮೆ ನೋಡಿಕೊಳ್ಳೋಣವೆಂದು ಪ್ರೇಕ್ಷಾ ಗಲ್ಲೆಯ ಕೆಳಗೆ ಲ್ಯಾಪ್‌ಟಾಪ್ ತೆರೆದಳು. ಹಲ್ಲಿನ ಡಾಕ್ಟರ ಹೆಸರು ಹೇಳಿ ಒಂಬತ್ತೂವರೆಗೆ ಜಾರಿಕೊಳ್ಳುವುದು ಅವಳ ಉಪಾಯವಾಗಿತ್ತು.

ಪರದೆ ನೀಲಿ. ಬೆಳಗಿನ ಜಾವ ತಾನಾಗಿಯೇ ಅಪ್‌ಡೇಟ್ ಆದ ಯಂತ್ರ ಈಗ ನಲವತ್ತೆಂಟು ಅಂಕಿಯ ಕೀಲಿ ಕೇಳುತ್ತಿತ್ತು. 'ಕೀಲಿ ನಿಮ್ಮ ಖಾತೆಯಲ್ಲಿದೆ' ಎಂದು ಕೆಳಗೆ ಬರೆದಿತ್ತು.

ನನ್ನ ಖಾತೆ? ನನಗೆ ಖಾತೆಯೇ ಇಲ್ಲವಲ್ಲ...

ಅಂಗಡಿಗೆ ಫೋನ್ ಹಚ್ಚಿದಳು. ದಯಾನಂದ ಎತ್ತಿಕೊಂಡ.

"ಅಯ್ಯೋ, ಆ ಅಕೌಂಟಾ? ಅದು ನಾನೇ ಹಾಕಿದ್ದು," ಎಂದ ಅವನು ಆರಾಮವಾಗಿ. "ಸೆಟಪ್ಪಲ್ಲಿ ಅಕೌಂಟ್ ಕೇಳ್ತದಲ್ಲ, ಅಂಗಡಿದು ಒಂದು ಉಂಟು. ಎಲ್ಲ ಗಿರಾಕಿಗೂ ಅದನ್ನೇ ಹೊಡೆಯೋದು. ಒಂದೇ ಅಕೌಂಟ್ ಅಲ್ವಾ, ಅವರ ಫೈಲು ತಾನಾಗಿ ಅಂಗಡಿಯ ಕಂಪ್ಯೂಟರಿಗೂ ಬರ್ತದೆ, ಆ ದಿನ ನಿನ್ನದನ್ನು ನಾನೇ ತೆರೆದು ನೋಡಿದ್ದು. ಹುಲಗಪ್ಪ ಸೇರಿದಾಗ ಅವನ ಹೆಸರು, ಅವನ ನಂಬರಲ್ಲಿ ಮಾಡಿಸಿದ್ದು."

"ಅವರಿಗೆ ಗೊತ್ತಿತ್ತಾ?"

"ಅವನಿಗೆಂತ ಗೊತ್ತು? ಅಂಗಡಿಯ ಕಂಪ್ಯೂಟರಿಗೆ ಮಾತ್ರ ಅಂದ್ಕೊಂಡಿದ್ದ. ನೀನು ಹೋದ ಮೇಲೆ ನನ್ನ ಹತ್ರ ಜಗಳ ಮಾಡಿ ಕೆಲಸ ಬಿಟ್ಟು ಹೋದ. ಇಷ್ಟಕ್ಕೆಲ್ಲ ಯಾರಾದ್ರೂ ಕೆಲಸ ಬಿಡ್ತಾರಾ ಹೇಳು?"

ಪ್ರೇಕ್ಷಾ ಕಣ್ಣು ಮುಚ್ಚಿದಳು. ತಪ್ಪು ಮಾಡಿದ್ದು ತಾನು. ಅವನಿಗೆ ಒಂದು ನಿಮಿಷ ಕೂಡ ಕೊಡಲಿಲ್ಲ.

ಹಿಂದೆ ಶೈಲೇಶ್ ಬಂದು ನಿಂತಿದ್ದ. "ಇದು ಯಾರ ಲ್ಯಾಪ್‌ಟಾಪ್?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಗೆಳತಿಯದು ಅಂದರೆ ಸಾಕಿತ್ತು. ಆದರೆ ಖಾತೆಯೇ ಬೇಡ ಅಂದ ಹೆಣ್ಣು ಈ ಗಲ್ಲೆಯ ಕೆಳಗೆ ಎಷ್ಟು ದಿನ ಅಡಗಿ ಕೂರಬೇಕು?

"ನನ್ನದು," ಎಂದಳು. ಯಂತ್ರವನ್ನು ಎತ್ತಿ ಗಲ್ಲೆಯ ಮೇಲಿಟ್ಟಳು.

ಹುಲಗಪ್ಪನ ನಂಬರಿನ ಬ್ಲಾಕ್ ತೆಗೆದು ಕರೆ ಮಾಡಿದಳು. ಟೈಪ್ ಮಾಡಲು ಎರಡೂ ಕೈ ಬೇಕೆಂದು ಸ್ಪೀಕರ್ ಹಾಕಿದಳು. ಮೊದಲ ರಿಂಗಿಗೇ ಎತ್ತಿದ.

"ಕೀಲಿ ಕೇಳಿತೇನ್ರಿ?" ಎಂದ. ನಮಸ್ಕಾರವಿಲ್ಲ, ದೂರಿಲ್ಲ.

"ಹೌದು. ಹನ್ನೊಂದಕ್ಕೆ ಖಾರ್ಘರ್‌ನಲ್ಲಿ ಇರ್ಬೇಕು."

"ಬರ್ಕೋರಿ. ನಾಕು, ಸೊನ್ನಿ, ಏಳು..."

"ಏರ್ ಆಯೆ?" ಮನೆಯ ತುಳುವಿನಲ್ಲೇ ಶೈಲೇಶ್ ಗದರಿದ. ಯಾರವನು?

"ಕೆಲಸ ಕಲಿತವನು. ಸ್ವಲ್ಪ ಸುಮ್ಮನಿರು ಅಣ್ಣ, ಅಂಕಿ ತಪ್ಪಿದರೆ ಮೊದಲಿಂದ ಹೊಡೀಬೇಕು. ಮುಂದೆ ಹೇಳಿ ಹುಲಗಪ್ಪ, ಏಳು ಆದ ಮೇಲೆ?"

ಇಡ್ಲಿ ತಿನ್ನುತ್ತಿದ್ದವರ ಚಮಚ ನಿಂತಿತು. ತಟ್ಟೆ ಹೊತ್ತ ಮಾಣಿ ನಡುದಾರಿಯಲ್ಲೇ ನಿಂತ. ಫೋನಿನಿಂದ ಕೊಪ್ಪಳದ ದನಿ ಒಂದೊಂದೇ ಅಂಕಿ ಕೂಗುತ್ತಿತ್ತು. ಆರಾರು ಅಂಕಿಯ ಎಂಟು ಸಾಲು. ಕೊನೆಯ ಅಂಕಿ ಒತ್ತಿದಳು.

ನೀಲಿ ಹೋಯಿತು. ಅವಳ ಬೋರ್ಡು, ಅವಳ ಮೆನು ಪರದೆಯ ಮೇಲೆ ಬಂದವು.

"ಗಲ್ಲೆ ಬಿಟ್ಟು ಹೋದ್ರೆ ನಾಳೆ ಬರುವುದು ಬೇಡ," ಎಂದ ಶೈಲೇಶ್.

"ಆಯ್ತು," ಎಂದಳು ಪ್ರೇಕ್ಷಾ, ಬ್ಯಾಗಿನ ಜಿಪ್ಪು ಎಳೆಯುತ್ತ. "ನೋಡಲಿಕ್ಕೆ ಬರುವವರಿಗೂ ಅದನ್ನೇ ಹೇಳು."

*

ಪುಂಡರೀಕಾಕ್ಷ ರಾಯರು ಕನ್ನಡಕ ಏರಿಸಿ ಇಳಿಸಿ ನೋಡಿದರು. ಎರಡು ಕಡೆ ಬಣ್ಣ ಬದಲಿಸಲು ಹೇಳಿದರು. ಒಂದು ಕಡೆ ಅವಳು ಒಪ್ಪಿದಳು, ಇನ್ನೊಂದು ಕಡೆ ಒಪ್ಪಲಿಲ್ಲ. ರಾಯರು ಗೊಣಗಿದರು, ಆಮೇಲೆ ತಲೆಯಾಡಿಸಿದರು.

"ನೀನು ವರ್ತಕ ನಗರದ ಶೈಲೇಶನ ತಂಗಿಯಲ್ವಾ? ಅವನ ಹತ್ರ ಒಂದು ಮಾತು ಕೇಳ್ಬೇಕಾ?"

"ಬೇಡ ರಾಯರೇ. ಕೆಲಸ ಮಾಡುವವಳು ನಾನು."

"ಹಾಗಾದ್ರೆ ನಾಳೆಯೇ ಶುರು ಮಾಡು," ಎಂದರು ರಾಯರು.

ಖಾರ್ಘರ್ ಸ್ಟೇಷನ್ನಿನ ಹೊರಗೆ, ರಿಕ್ಷಾಗಳ ಸಾಲಿನ ಪಕ್ಕ ಹುಲಗಪ್ಪ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಅದರ ತೋಳಿಗೆ ಬೆಸುಗೆಯ ಕಲೆ. ತುರ್ಭೆಯಿಂದ ಯಾವಾಗ ಬಂದನೋ, ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು.

"ಆತೇನ್ರಿ?"

"ಆಯ್ತು."

ಅವನು ಉಸಿರು ಬಿಟ್ಟ. ಅವಳು ಹತ್ತಿರ ಬಂದಳು.

"ನನ್ನದು ತಪ್ಪಾಯ್ತು. ಒಂದು ನಿಮಿಷ ತಡೀರಿ ಅಂದ್ರಿ, ತಡೀಲಿಲ್ಲ."

"ನಿಮ್ಮ ಜಾಗದಾಗ ನಾ ಇದ್ದಿದ್ರ ಕಂಪ್ಯೂಟರ್ ಒಡೆದು ಹೋಗ್ತಿದ್ದೆ," ಎಂದ ಹುಲಗಪ್ಪ. "ಆ ಖಾತ್ಯಾಗ ಮೂವತ್ತೆರಡು ಮಂದಿದು ಇತ್ತು. ಯಾರದೋ ಲಗ್ನದ ಫೋಟೋ, ಯಾರದೋ ಆಸ್ಪತ್ರಿ ಕಾಗದ. ಮೂರು ದಿನ ಕುಂತು ಎಲ್ಲಾರಿಗೂ ಫೋನ್ ಮಾಡಿ ಅವರವರ ಕೀಲಿ ಅವರಿಗೆ ಮುಟ್ಟಿಸಿದೆ. ನಿಮ್ಮದೊಂದು ಉಳಿದಿತ್ತು. ಅದಕ್ಕ ಖಾತೆ ಅಳಿಸದ ಇಟ್ಟಿದ್ದೆ. ಈಗ ಅಳಿಸಿದೆ."

ಅವಳ ಕಣ್ಣು ತುಂಬಿತು. ಮೂರು ದಿನ ತಾನು ಇವನನ್ನು ಬೈದುಕೊಂಡು ಕೂತಿದ್ದಳು. ಅಷ್ಟೂ ಹೊತ್ತು ಅವಳ ಕೀಲಿಯನ್ನು ಇವನು ಕಾಯ್ದುಕೊಂಡು ಕೂತಿದ್ದ.

"ಇನ್ನು ಎಂತ ಮಾಡ್ತೀರಿ?"

"ತುರ್ಭೆದಾಗ ಒಂದು ಟೇಬಲ್ ಹಾಕ್ತೀನಿ. ಯಾರ ಹೆಸರೂ ಕೇಳ್ದನ ರಿಪೇರಿ ಮಾಡ್ತೀನಿ." ಅವನು ನೆಲ ನೋಡಿದ. "ಪ್ರೇಕ್ಷಾ... ನಾ ಸಾಲಿ ಬಿಟ್ಟವ. ಈಗ ಕೆಲಸಾನೂ ಬಿಟ್ಟವ. ನಿಮ್ಮ ಮನ್ಯಾಗ ನನ್ನಂಥವನ್ನ ಒಪ್ಪಂಗಿಲ್ಲ."

"ಮನೆಯವರದ್ದು ನನಗೆ ಬಿಡು. ನಾನು ಕೇಳ್ತಾ ಇರೋದು ನಿನ್ನನ್ನು. ನೀನು ಒಪ್ತೀಯಾ?"

ಬಿಡು. ನಿನ್ನನ್ನು. ನೀನು. ಹುಲಗಪ್ಪನ ಕಿವಿ ಕೆಂಪಾದವು.

"ನೀ ಆ ಲ್ಯಾಪ್‌ಟಾಪ್ ಕೌಂಟರಿನ ಮ್ಯಾಲೆ ಒಗೆದಾಗನ ಒಪ್ಪೀನಿ," ಎಂದ ಮೆಲ್ಲಗೆ.

"ಕೇಳಿಸಲಿಲ್ಲ."

"ಒಪ್ಪೀನಿ ಅಂದೆ!"

ಸಾಲಿನಲ್ಲಿದ್ದ ರಿಕ್ಷಾದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಪ್ರೇಕ್ಷಾ ಅವರತ್ತ ನೋಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಅವನ ಸುಟ್ಟ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು.

"ಈಗ ಕೇಳಿಸ್ತೇನು?" ಎಂದ ಅವನು.

"ಕೇಳಿಸ್ತು," ಎಂದಳು ಅವಳು. "ಇನ್ನೊಮ್ಮೆ ಹೇಳು."