ವೂಲಾ ರುವಾ ಪುಡಿಯಲ್ಲಿ ಸೀಸದ ಗುಂಡು

ಮಾರ್ಚ್ 13, ಗುರುವಾರ, ಬೆಳಿಗ್ಗೆ 9.10. ‘ವೂಲಾ ರುವಾ’ ಕಾರ್ಖಾನೆಯ ಮ್ಯಾನೇಜರ್ ಕೆಲ್ವಿನ್ ಮೆನನ್ ಸವುಸವು ಪಟ್ಟಣದ ಪೊಲೀಸ್ ಠಾಣೆಗೆ ಏದುಸಿರು ಬಿಡುತ್ತ ಬಂದ. ನೀರಲ್ಲಿ ಕದಡಿ ಕುಡಿಯುವ ತಮ್ಮ ಯಂಗೋನಾ ಬೇರಿನ ಪುಡಿಯ ಪೊಟ್ಟಣಗಳಲ್ಲಿ ಯಾರೋ ಗಾಳಕ್ಕೆ ಕಟ್ಟುವ ಸೀಸದ ಗುಂಡು ಸೇರಿಸಿದ್ದಾರೆ ಎಂಬುದು ದೂರು. ಹಿಂದಿನ ಸಂಜೆಯಿಂದ ಅದರ ಫೋಟೋ ಇಡೀ ಫಿಜಿಯ ಫೋನುಗಳಲ್ಲಿ ಓಡಾಡುತ್ತಿತ್ತು. ಎಫ್‌ಐಆರ್ ಬರೆಯುವಷ್ಟರಲ್ಲಿ ನಲವತ್ತು ಅಂಗಡಿಗಳು ಮಾಲನ್ನು ಹಿಂದಕ್ಕೆ ಕಳಿಸಿದ್ದವು.

“ಮುಂದಿನ ಶುಕ್ರವಾರದೊಳಗೆ ಆಸಾಮಿ ಸಿಗಬೇಕು ಸಾರ್. ಇಲ್ಲಾಂದ್ರೆ ಬೀಗ. ಅರವತ್ತೆರಡು ಜನ ಮನೆಗೆ ಹೋಗ್ತಾರೆ,” ಎಂದ ಮೆನನ್.

ಇನ್ಸ್‌ಪೆಕ್ಟರ್ ಅಪಿಸಲೋಮೆ ಪಂಚನಾಮೆ ಮಾಡಿಸಿದ. ಗುಂಡು ಸಿಕ್ಕ ನಾಲ್ಕೂ ಪೊಟ್ಟಣ 3ನೇ ತಾರೀಖಿನ ಮಾಲು, ಅಂಚಿನ ಬೆಸುಗೆ ಹಾಗೇ ಇತ್ತು. ಅಂದರೆ ಕೈವಾಡ ಒಳಗಿನವರದೇ. ಬೆಸುಗೆ ಯಂತ್ರದ ಮೂವರು ಹೆಂಗಸರನ್ನೂ ಕೇಳಿದ. ಮೂವರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಇತ್ತ ರಾಜಧಾನಿ ಸುವಾದಿಂದ ಮೇಲಧಿಕಾರಿ ಗಂಟೆಗೊಮ್ಮೆ ಫೋನು. ಕಂಪನಿಯ ಪ್ರಚಾರದವಳಂತೂ ಪೈಪೋಟಿ ಕಂಪನಿಯ ಪಿತೂರಿ ಅಂತಲೇ ಬರೆದುಕೊಳ್ಳಿ ಎಂದು ಪೀಡಿಸಿದಳು. ಐದು ದಿನ ಹೀಗೇ ಹೋದವು. ಅಪಿಸಲೋಮೆಗೆ ತಲೆ ಚಿಟ್ಟುಹಿಡಿಯಿತು.

18ರಂದು ಕಾನ್‌ಸ್ಟೇಬಲ್ ಸುರುಜ್ ವಾಪಸಾದ ಮಾಲಿನ ಚೀಟಿಗಳನ್ನು ತಂದು ಸುರಿದ.

“ಇದ್ನೋಡಿ ಸಾರ್. ನಾವುಂದಿ ಊರಿನ ಅಂಗಡಿಯೋಳು ಹತ್ತನೇ ತಾರೀಖೇ ವಾಪಸ್ ಮಾಡವ್ಳೆ. ಫೋಟೋ ಬಂದಿದ್ದು ಹನ್ನೆರಡಕ್ಕೆ!”

“ಹತ್ತಕ್ಕೆ ನಾವುಂದೀಲಿ ಏನಿತ್ತು?”

“ಸಾವು. ಮುದುಕ ಎರೋನಿದು.”

ಸಾವಿನ ಮನೆ ಎಂದರೆ ಊರಿಗೆ ಊರೇ ಕೂತು ಯಂಗೋನಾ ಕುಡಿಯುತ್ತದೆ. ಅಂಥ ಹೊತ್ತಿನಲ್ಲಿ ಅಂಗಡಿಯವಳು ಪುಡಿ ಹಿಂದಕ್ಕೆ ಕಳಿಸುತ್ತಾಳೆಯೇ? ಯಾರೋ ಬೇಡ ಅಂದಿರಬೇಕು. ಎರೋನಿಯ ಮಗಳು ವಸಿತಿ, ಬೆಸುಗೆ ಯಂತ್ರದ ಮೂವರಲ್ಲಿ ಒಬ್ಬಳು.

ಅಂದೇ ಮಧ್ಯಾಹ್ನ 3.40ಕ್ಕೆ ಅವಳ ಮನೆಯ ಚಾಪೆಯ ಮೇಲೆ ಕೂತು ಅಪಿಸಲೋಮೆ ಚೀಟಿ ಮುಂದಿಟ್ಟ.

“ನೀನೇ ಹೇಳಿದ್ದಾ, ಈ ಪುಡಿ ಬೇಡ ಅಂತ?”

“ನಮ್ಮಪ್ಪನ ಸಾವಿಗೆ ಬಂದೋರಿಗೆ ಅದನ್ನ ಹೆಂಗೆ ಕುಡಿಸ್ಲಣ್ಣಾ?”

“ಮತ್ತೆ ಬೇರೆಯೋರು ಕುಡೀಬಹುದಾ?”

ವಸಿತಿ ತಲೆ ತಗ್ಗಿಸಿದಳು. “ಗುಂಡು ತಳದಲ್ಲಿ ಕೂರುತ್ತೆ, ಕಣ್ಣಿಗೆ ಬೀಳುತ್ತೆ ಅಂದ್ಕೊಂಡೆ. ಅವ್ರ ಹೆಸರು ಹಾಳಾಗ್ಲಿ ಅಂತಷ್ಟೇ.”

ಮೆಲ್ಲಗೆ ಎಲ್ಲ ಹೊರಬಿತ್ತು. ಹೋದ ವರ್ಷ ಪುಡಿ ಕುಡಿದ ಹಲವರಿಗೆ ವಾಂತಿಯಾಗಿತ್ತು. ನಾವುಂದಿಯ ಎರೋನಿ ಕೊಟ್ಟ ಕೊಳೆತ ಬೇರೇ ಕಾರಣ ಎಂದು ಕಂಪನಿ ಪತ್ರಿಕೆಗೆ ಹೇಳಿತು. ಆಮೇಲೆ ನೋಡಿದರೆ ಕೊಳಕಾಗಿದ್ದುದು ಕಾರ್ಖಾನೆಯ ಯಂತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಂಪನಿ ರಗ್ಬಿ ತಂಡಕ್ಕೆ ಅಂಗಿ ಹೊಲಿಸಿ ಹೆಸರು ತೊಳೆದುಕೊಂಡಿತು. ಅಲ್ಲಿನ ರೂಢಿಯಂತೆ ತಿಮಿಂಗಿಲದ ಹಲ್ಲಿನ ಕಾಣಿಕೆ ಹಿಡಿದು ಮುದುಕನ ಹೊಸ್ತಿಲಿಗೆ ಬಂದು ತಪ್ಪಾಯಿತು ಎನ್ನಲಿಲ್ಲ. ವಿಷಾದಿಸುತ್ತೇವೆ ಎಂದು ಅಂಚೆಯಲ್ಲಿ ಒಂದು ಕಾಗದ ಬಂತು, ಅಷ್ಟೇ.

“ಒಂದು ಮದುವೇಲಿ ಅಪ್ಪ ಕೊಟ್ಟ ಬೇರಿನ ಕಟ್ಟನ್ನ ಮುಟ್ಲಿಲ್ಲ ಯಾರೂ. ಅವತ್ತು ಮಲಗಿದೋನು ಏಳ್ಲೇ ಇಲ್ಲ,” ಎಂದಳು ವಸಿತಿ.

ಅಪಿಸಲೋಮೆಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. 4.15ಕ್ಕೆ ದಸ್ತಗಿರಿ ಎಂದು ಬರೆದುಕೊಂಡ.

ಜೀಪು ಹತ್ತುವಾಗ ಅವಳು ಕೇಳಿದ್ದು ಒಂದೇ. “ಪೇಪರ್‌ನಾಗೆ ಊರ ಹೆಸರು ಹಾಕ್ತಾರಾ ಅಣ್ಣಾ?”

“ನಾನಂತೂ ಹಾಕಲ್ಲಮ್ಮಾ.”

ಅವನು ಹಾಕಲಿಲ್ಲ. ಮಾರನೆಯ ಬೆಳಿಗ್ಗೆ ಕಂಪನಿಯೇ ಪ್ರಕಟಣೆ ಹೊರಡಿಸಿತು: ವೂಲಾ ರುವಾ ಪುಡಿ ಶುದ್ಧವಾಗಿದೆ, ಕೃತ್ಯ ಎಸಗಿದವಳು ನಾವುಂದಿಯ ಹೆಂಗಸು. ಶುಕ್ರವಾರ ಕಾರ್ಖಾನೆಗೆ ಬೀಗ ಬೀಳಲಿಲ್ಲ, ಅಂಗಡಿಗಳು ಮತ್ತೆ ಮಾಲು ತರಿಸಿಕೊಂಡವು. ಶನಿವಾರದ ಸಂತೆಯಲ್ಲಿ ನಾವುಂದಿಯ ಹನ್ನೊಂದು ಮನೆಯವರು ಬೇರು ಹರವಿಕೊಂಡು ಕೂತಿದ್ದರು. ಸಂಜೆ ಅಷ್ಟನ್ನೂ ಮತ್ತೆ ಕಟ್ಟಿಕೊಂಡು ಬಸ್ಸು ಹತ್ತಿದರು.